ಮೂವತ್ತೊಂದನೆಯ ಮಗು: ಕನ್ನಡ ಶಾಲೆಯ ದುಡ್ಡಿಗೆ ಕತ್ತರಿ ಎಲ್ಲಿ ಬೀಳುತ್ತದೆ, ಪಂಚಾಯ್ತಿಯಲ್ಲಿ ಅದನ್ನು ಹಿಡಿಯುವುದು ಹೇಗೆ

ಹೊಳೆಯಾಚೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ 31 ಮಕ್ಕಳಿದ್ದರು ಎಂದಿಟ್ಟುಕೊಳ್ಳಿ. ಒಂದು ಮನೆಯವರು ಕೆಲಸ ಹುಡುಕಿಕೊಂಡು ಗೋವಾಕ್ಕೆ ಹೋದರು, ಸಂಖ್ಯೆ 30ಕ್ಕೆ ಇಳಿಯಿತು. ಕೇಂದ್ರ, ರಾಜ್ಯ ಸೇರಿ ದುಡ್ಡು ಹಾಕುವ ಸಮಗ್ರ ಶಿಕ್ಷಾ ಯೋಜನೆಯಡಿ ಆ ಶಾಲೆಗೆ ಸಿಗಬೇಕಾದ ಸಂಯುಕ್ತ ಶಾಲಾ ಅನುದಾನ 25,000 ರೂಪಾಯಿಯಿಂದ ಒಮ್ಮೆಲೇ 10,000ಕ್ಕೆ ಬೀಳುತ್ತದೆ. ಕಡಿತದ ಆದೇಶ ಯಾರೂ ಹೊರಡಿಸಿಲ್ಲ, ಸಹಿ ಯಾರೂ ಹಾಕಿಲ್ಲ, ಪತ್ರಿಕೆಯಲ್ಲಿ ಸುದ್ದಿಯೂ ಇಲ್ಲ. ಒಂದು ಮಗು ಹೋಯಿತು, ಜೊತೆಗೆ 15,000 ರೂಪಾಯಿ ಹೋಯಿತು.

ಶಾಲೆಯ ಬಜೆಟ್ಟಿಗೆ ಕತ್ತರಿ ಎಂದಾಗ ನಾವೆಲ್ಲ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಕಡೆ ನೋಡುತ್ತೇವೆ. ಅಲ್ಲಿ ಶಿಕ್ಷಣ ಇಲಾಖೆಯ ಮೊತ್ತ ದೊಡ್ಡದಾಗಿಯೇ ಕಾಣುತ್ತದೆ, ಯಾಕೆಂದರೆ ಅದರ ಬಹುಪಾಲು ಸಂಬಳ. ನಮ್ಮ ಉತ್ತರ ಕನ್ನಡದಲ್ಲಿ ಜೊಯಿಡಾದ ಒಂದು ಮಜರೆಯ ಶಾಲೆಗೋ ಅಂಕೋಲಾದ ಗಜನಿ (ಉಪ್ಪುನೀರಿನ ಗದ್ದೆ) ಬದಿಯ ಶಾಲೆಗೋ ಬೀಳುವ ಕತ್ತರಿ ಆ ಪುಸ್ತಕದಲ್ಲಿ ಕಾಣುವುದಿಲ್ಲ. ಅದು ದಾಖಲಾತಿಯ ಹಂತದಲ್ಲಿ, ಹುದ್ದೆ ಮರುಹೊಂದಾಣಿಕೆಯ ಪಟ್ಟಿಯಲ್ಲಿ, ಹಣ ಬಿಡುಗಡೆಯಾದ ದಿನಾಂಕದಲ್ಲಿ ಅಡಗಿರುತ್ತದೆ. ಆದ್ದರಿಂದ ಪರಿಶೀಲನೆಯೂ ಅಲ್ಲೇ ನಡೆಯಬೇಕು. ಗ್ರಾಮ ಪಂಚಾಯಿತಿ ಸದಸ್ಯರು, ಶಾಲಾಭಿವೃದ್ಧಿ ಮತ್ತು ಮೇಲ್ವಿಚಾರಣಾ ಸಮಿತಿಯವರು, ಅಂದರೆ ಎಸ್‌ಡಿಎಂಸಿಯವರು, ಯಾವ ಕಾಗದ ಕೇಳಬೇಕು, ಯಾವ ತಿಂಗಳಲ್ಲಿ ಕೇಳಬೇಕು, ಕೇಳಿದಾಗ ಬರುವ ಉತ್ತರದಲ್ಲಿ ಮೋಸ ಹೋಗುವುದು ಎಲ್ಲಿ ಎಂಬಷ್ಟನ್ನೇ ಇಲ್ಲಿ ಬರೆದಿದ್ದೇನೆ.

ಯಾರ ಕೈಯಲ್ಲಿ ಏನಿದೆ

ನಮ್ಮದು ಒಂದು ಕಂದಾಯ ಜಿಲ್ಲೆ, ಎರಡು ಶೈಕ್ಷಣಿಕ ಜಿಲ್ಲೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಶಿಕ್ಷಣ ಇಲಾಖೆಯ ಕಾರವಾರದ ಉಪನಿರ್ದೇಶಕರ ಅಡಿಯಲ್ಲಿ ಬರುತ್ತವೆ. ಘಟ್ಟದ ಮೇಲಿನ ತಾಲೂಕುಗಳು ಶಿರಸಿಯ ಉಪನಿರ್ದೇಶಕರ ಅಡಿಯಲ್ಲಿ. ಜಿಲ್ಲಾ ಪಂಚಾಯಿತಿ ಮಾತ್ರ ಒಂದೇ, ಕಾರವಾರದಲ್ಲಿ. ಹೀಗಾಗಿ ಸಿದ್ದಾಪುರದ ಶಾಲೆಯೊಂದರ ಶೈಕ್ಷಣಿಕ ಕಡತ ಶಿರಸಿಗೆ ಹೋದರೆ ಕಟ್ಟಡದ ಕಡತ ಕಾರವಾರದ ದಾರಿ ಹಿಡಿಯುತ್ತದೆ. ಒಂದೇ ಅರ್ಜಿಯನ್ನು ಎರಡೂ ಕಡೆ ಕೊಡದಿದ್ದರೆ "ಅದು ನಮ್ಮಲ್ಲಿ ಬರುವುದಿಲ್ಲ" ಎಂಬ ಉತ್ತರ ಕಾಯಂ.

ಪ್ರಾಥಮಿಕ ಶಾಲಾ ಶಿಕ್ಷಕರ ಸಂಬಳದಂಥ ಜಿಲ್ಲಾ ವಲಯದ ಹಣ ರಾಜ್ಯ ಬಜೆಟ್ಟಿನ ಜೊತೆ ಬರುವ ಲಿಂಕ್ ಡಾಕ್ಯುಮೆಂಟ್ ಎಂಬ ಪುಸ್ತಕದಲ್ಲಿ ಜಿಲ್ಲಾವಾರು ಇರುತ್ತದೆ. ಲೆಕ್ಕ ಶೀರ್ಷಿಕೆ 2202 ಅಂದರೆ ಸಾಮಾನ್ಯ ಶಿಕ್ಷಣ, 4202 ಅಂದರೆ ಕಟ್ಟಡದಂಥ ಬಂಡವಾಳ ವೆಚ್ಚ. 2202ರ ಒಳಗೆ 01 ಪ್ರಾಥಮಿಕ, 02 ಪ್ರೌಢ. ಈ ನಾಲ್ಕು ಅಂಕಿ ಗೊತ್ತಿದ್ದರೆ ಆ ದಪ್ಪ ಪುಸ್ತಕದಲ್ಲಿ ನಮಗೆ ಬೇಕಾದ ಪುಟ ಹತ್ತು ನಿಮಿಷದಲ್ಲಿ ಸಿಗುತ್ತದೆ. ಸಮಗ್ರ ಶಿಕ್ಷಾದ ದಾರಿ ಬೇರೆ. ಅದರಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ಡಿಸೆಂಬರ್ ಹೊತ್ತಿಗೆ ತಾಲೂಕಿನಿಂದ ಯೋಜನೆ ಮೇಲೆ ಹೋಗಲು ಶುರುವಾಗಿ, ದೆಹಲಿಯ ಯೋಜನಾ ಅನುಮೋದನಾ ಮಂಡಳಿಯಲ್ಲಿ ತೀರ್ಮಾನವಾಗುತ್ತದೆ. ಆ ಮಂಡಳಿಯ ನಡಾವಳಿ ರಾಜ್ಯವಾರು ಕೋಷ್ಟಕಗಳ ಸಮೇತ ಸಾರ್ವಜನಿಕವಾಗಿ ಸಿಗುತ್ತದೆ. ಕೇಳಿದ್ದೆಷ್ಟು, ಒಪ್ಪಿದ್ದೆಷ್ಟು ಎರಡೂ ಅಕ್ಕಪಕ್ಕ ಇರುತ್ತವೆ. ಓದುವವರು ಕಡಿಮೆ, ಅಷ್ಟೇ.

ಇವನ್ನೆಲ್ಲ ಪ್ರಶ್ನಿಸಬೇಕಾದ ಜಾಗ ಜಿಲ್ಲಾ ಪಂಚಾಯಿತಿಯ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ, ತಾಲೂಕು ಪಂಚಾಯಿತಿಯ ಸಾಮಾನ್ಯ ಸಭೆ. ಆದರೆ ಈ ಎರಡರ ಚುನಾಯಿತ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದ್ದಾರೆ. ಬಜೆಟ್ ಮಾಡುವವರೂ ಒಪ್ಪುವವರೂ ಅಧಿಕಾರಿಗಳೇ ಆದಾಗ ಪ್ರಶ್ನೆ ಕೇಳುವ ಕುರ್ಚಿ ಖಾಲಿ ಉಳಿಯುತ್ತದೆ. ಶಾಸಕರ ಅಧ್ಯಕ್ಷತೆಯ ತಾಲೂಕು ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆ, ಉಸ್ತುವಾರಿ ಸಚಿವರ ಜಿಲ್ಲಾ ಕೆಡಿಪಿ ಸಭೆ, ಗ್ರಾಮಸಭೆ, ಎಸ್‌ಡಿಎಂಸಿ ಸಭೆ, ನವೆಂಬರ್ ಆಸುಪಾಸಿನ ಮಕ್ಕಳ ಗ್ರಾಮಸಭೆ: ಇಷ್ಟೇ ಉಳಿದ ದಾರಿಗಳು.

ಅನುದಾನದ ಮೆಟ್ಟಿಲು

ಸಂಯುಕ್ತ ಅನುದಾನದ ಮೆಟ್ಟಿಲುಗಳು ಹೀಗಿವೆ. 1ರಿಂದ 30 ಮಕ್ಕಳಿಗೆ 10,000 ರೂಪಾಯಿ, 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000, 251ರಿಂದ 1,000ಕ್ಕೆ 75,000, ಅದಕ್ಕೂ ಮೇಲೆ 1 ಲಕ್ಷ. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಹೋಗಬೇಕು. 10,000ದಲ್ಲಿ ಅದು 1,000 ರೂಪಾಯಿ. ಹತ್ತು ತಿಂಗಳ ಶಾಲೆಗೆ ಹಂಚಿದರೆ ತಿಂಗಳಿಗೆ 100. ಫಿನಾಯಿಲ್, ಸೋಪು, ಪೊರಕೆ, ಕಕ್ಕಸಿನ ಬಕೆಟ್ಟು ಎಲ್ಲ ಇದರಲ್ಲೇ ಮುಗಿಯಬೇಕು. ಉಳಿದ 9,000ದಲ್ಲಿ ಸೀಮೆಸುಣ್ಣ, ರಿಜಿಸ್ಟರು, ಸಣ್ಣ ರಿಪೇರಿ, ಮೋಟಾರು ಕೆಟ್ಟರೆ ಅದು, ಹಂಚು ಒಡೆದರೆ ಅದೂ.

ಕರಾವಳಿಯಲ್ಲಾಗಲಿ ಘಟ್ಟದ ಮೇಲಾಗಲಿ 30ರ ಈಚೆ ಇರುವ ಶಾಲೆಗಳೇ ಹೆಚ್ಚು ಕಣ್ಣಿಗೆ ಬೀಳುವುದು. ಮನೆಗಳು ತೋಟದ ತಲೆಗೊಂದು, ಗದ್ದೆಯ ಬುಡಕ್ಕೊಂದು. ಊರು ಎಂದರೆ ಆರು ಮೈಲಿ ಹರಡಿದ ಇಪ್ಪತ್ತು ಮನೆ. ಮಕ್ಕಳ ತಲೆ ಎಣಿಸಿ ದುಡ್ಡು ಹಂಚುವ ಸೂತ್ರ ಬಯಲುಸೀಮೆಯ ಗುಂಪು ಊರಿಗೆ ಸರಿಹೊಂದೀತು, ಇಲ್ಲಿ ಅದು ಪ್ರತಿ ವರ್ಷ ಏಟು ಕೊಡುತ್ತದೆ. ಹೆಂಚಿನ ಮಾಡು 12 ಮಕ್ಕಳಿದ್ದರೂ ಅಷ್ಟೇ ಅಗಲ, 40 ಮಕ್ಕಳಿದ್ದರೂ ಅಷ್ಟೇ ಅಗಲ.

ಹಾಗಾದರೆ ಮಾಡುವುದೇನು? ಅನುದಾನ ಲೆಕ್ಕ ಹಾಕುವುದು ಹಿಂದಿನ ಯೂಡೈಸ್ (ಶಾಲೆಗಳ ವಾರ್ಷಿಕ ಗಣತಿ) ಅಂಕಿಯಿಂದ. ಇವತ್ತು ಕಡಿಮೆಯಾದ ಮಗುವಿನ ಪೆಟ್ಟು ಮುಂದಿನ ಬಾರಿ ಕಾಣುತ್ತದೆ. ಹಾಗಾಗಿ ಪಂಚಾಯ್ತಿ ವ್ಯಾಪ್ತಿಯ ಎಲ್ಲ ಶಾಲೆಗಳ ಮಕ್ಕಳ ಸಂಖ್ಯೆಯನ್ನು ಒಂದೇ ಹಾಳೆಯಲ್ಲಿ ಬರೆಸಿಕೊಂಡು, ಮೆಟ್ಟಿಲಿನ ಅಂಚಿನಲ್ಲಿರುವ ಶಾಲೆಗಳಿಗೆ ಗುರುತು ಹಾಕಿ: 28ರಿಂದ 34ರ ನಡುವಿನವು, 97ರಿಂದ 104ರ ನಡುವಿನವು. ದಾಖಲಾತಿ ಕೆಲಸಕ್ಕೆ ಮೊದಲು ಹೋಗಬೇಕಾದ್ದು ಅಲ್ಲಿಗೆ. ವಲಸೆ ಬಂದ ಕಟ್ಟಡ ಕಾರ್ಮಿಕರ, ಬೋಟಿನ ಕೆಲಸದವರ ಮಕ್ಕಳು ಶಾಲೆಗೆ ಬರುತ್ತಿದ್ದೂ ಆಧಾರ್ ಇಲ್ಲ, ಹಿಂದಿನ ಶಾಲೆಯ ವರ್ಗಾವಣೆ ಪತ್ರ ಇಲ್ಲ ಎಂದು ಇಲಾಖೆಯ ವಿದ್ಯಾರ್ಥಿ ಗಣಕ ದಾಖಲೆಯಾದ ಎಸ್‌ಎಟಿಎಸ್‌ಗೆ ಸೇರದೆ ಉಳಿದಿರುವುದುಂಟು. ಹಾಜರಿ ಪುಸ್ತಕದಲ್ಲಿ 32, ಗಣಕದಲ್ಲಿ 29. ಅನುದಾನ ಬರುವುದು 29ಕ್ಕೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ದಾಖಲಾತಿ ನಿಲ್ಲಿಸುವಂತಿಲ್ಲ. ಎರಡು ಅಂಕಿಗಳ ವ್ಯತ್ಯಾಸ ಏಕೆ ಎಂದು ಸಭೆಯಲ್ಲಿ ಕೇಳಿ, ಉತ್ತರ ಬರೆಸಿಕೊಳ್ಳಿ.

ಸುಳ್ಳು ಹೆಸರು ಸೇರಿಸಿ ಅಂಕಿ ಏರಿಸುವ ಯೋಚನೆ ಬೇಡ. ಬಿಸಿಯೂಟದ ದಿನದ ಲೆಕ್ಕ, ಹಾಲಿನ ಲೆಕ್ಕ, ಪಠ್ಯಪುಸ್ತಕದ ಲೆಕ್ಕ ಮೂರೂ ಬೇರೆ ಬೇರೆ ಹೇಳತೊಡಗಿದರೆ ಸಿಕ್ಕಿಬೀಳುವವರು ಮುಖ್ಯಶಿಕ್ಷಕರು.

ವಿಲೀನದ ಗಣಿತ

ಎರಡು ಕಿರಿಯ ಪ್ರಾಥಮಿಕ ಶಾಲೆ, ತಲಾ 28 ಮಕ್ಕಳು. ಸೇರಿಸಿದರೆ 56. "ಅನುದಾನ ಹೆಚ್ಚಾಗುತ್ತದೆ" ಎಂದು ವಿವರಿಸುತ್ತಾರೆ, ಅದು ನಿಜ. 10,000 ಮತ್ತು 10,000 ಸೇರಿ 20,000 ಇದ್ದದ್ದು 25,000 ಆಗುತ್ತದೆ. ಅದೇ ಉಸಿರಿನಲ್ಲಿ ಹೇಳದೆ ಬಿಡುವುದು ಶಿಕ್ಷಕರ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿಯಲ್ಲಿ 1ರಿಂದ 5ನೇ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. ಎರಡು ಶಾಲೆಯಿದ್ದಾಗ ಇಬ್ಬರು ಮತ್ತು ಇಬ್ಬರು, ನಾಲ್ವರು. ಸೇರಿದ ಮೇಲೆ 56ಕ್ಕೆ ಇಬ್ಬರೇ. ಅಡುಗೆಯವರದ್ದೂ ಹಾಗೆ. 25ರ ತನಕ ಒಬ್ಬರು, 26ರಿಂದ 100ರ ತನಕ ಇಬ್ಬರು ಎಂಬುದು ಬಿಸಿಯೂಟದ ಮಾನದಂಡ. ನಾಲ್ವರು ಅಡುಗೆಯವರು ಇಬ್ಬರಾಗುತ್ತಾರೆ. ಅವರೆಲ್ಲ ಅದೇ ಊರಿನ ಹೆಂಗಸರು.

5,000 ರೂಪಾಯಿ ಹೆಚ್ಚು, ಎರಡು ಶಿಕ್ಷಕ ಹುದ್ದೆ ಕಡಿಮೆ, ಇಬ್ಬರು ಅಡುಗೆಯವರು ಕಡಿಮೆ. ಇದನ್ನು ಸಭೆಯ ಹಲಗೆಯ ಮೇಲೆ ಬರೆದು ತೋರಿಸಿ, ಐದು ನಿಮಿಷದ ಕೆಲಸ.

ಆದರೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಎಲ್ಲ ವಿಲೀನವೂ ಕೆಟ್ಟದ್ದಲ್ಲ. ಐದು ತರಗತಿಗೆ ಆರು ಮಕ್ಕಳು, ಒಬ್ಬರೇ ಅಕ್ಕೋರು, ಅವರೂ ತಿಂಗಳಲ್ಲಿ ಆರು ದಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಮೀಟಿಂಗಿನಲ್ಲಿ. ಅಂಥ ಕಡೆ ಮಕ್ಕಳಿಗೆ ಜೊತೆಗಾರರೂ ಸಿಗುವುದಿಲ್ಲ, ಪಾಠವೂ ಸಿಗುವುದಿಲ್ಲ. ಅರ್ಧ ಕಿಲೋಮೀಟರ್ ಆಚೆ ಡಾಂಬರು ರಸ್ತೆಯಲ್ಲಿ ಒಳ್ಳೆಯ ಶಾಲೆಯಿದ್ದರೆ ಹಟ ಮಾಡಿ ಉಳಿಸಿಕೊಂಡು ಪ್ರಯೋಜನವಿಲ್ಲ. ತಕರಾರಿರುವುದು ಆ ತೀರ್ಮಾನವನ್ನು ಕಾರವಾರದಲ್ಲೋ ಬೆಂಗಳೂರಿನಲ್ಲೋ ನಕ್ಷೆಯ ಮೇಲೆ ಸ್ಕೇಲು ಇಟ್ಟು ಮಾಡುವುದಕ್ಕೆ.

ಯಾಕೆಂದರೆ ದೂರ ಎಂಬುದು ಇಲ್ಲಿ ಋತುವಿನ ಮೇಲೆ ನಿಂತಿದೆ. 1ರಿಂದ 5ನೇ ತರಗತಿಗೆ 1 ಕಿಲೋಮೀಟರ್, 6ರಿಂದ 8ಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂಬುದು ನಿಯಮ. ನಡುವೆ ಹಳ್ಳವಿದ್ದರೆ ಏಪ್ರಿಲ್‌ನ 900 ಮೀಟರ್ ಜುಲೈನಲ್ಲಿ 4 ಕಿಲೋಮೀಟರ್ ಆಗುತ್ತದೆ, ಕಾಲುಸಂಕ ಕೊಚ್ಚಿಹೋದರೆ ದಾರಿಯೇ ಇಲ್ಲ. ಮಲೆನಾಡಿನ ಹಳ್ಳಗಳಿಗೆ ಕಾಲುಸೇತುವೆ ಕಟ್ಟುವ ಶಾಲಾ ಸಂಪರ್ಕ ಸೇತು ಎಂಬ ಯೋಜನೆಯನ್ನೇ ಸರ್ಕಾರ ಮಾಡಿದ್ದು ಈ ಕಾರಣಕ್ಕೆ. ಕೇಂದ್ರದ ಶಿಕ್ಷಣ ಹಕ್ಕು ನಿಯಮ 2010ರಲ್ಲೂ ದುರ್ಗಮ ಪ್ರದೇಶ, ಭೂಕುಸಿತ, ಪ್ರವಾಹ, ರಸ್ತೆ ಇಲ್ಲದಿರುವಿಕೆ ಇದ್ದಲ್ಲಿ ಈ ಮಿತಿಯನ್ನು ಇನ್ನೂ ಕಡಿಮೆ ಮಾಡಿ ಶಾಲೆ ಕೊಡಬೇಕು ಎಂದಿದೆ. ಅಂಕೋಲಾದ ಶಿರೂರಿನ ಗುಡ್ಡ 2024ರ ಜುಲೈ 16ರಂದು ಕುಸಿದದ್ದನ್ನೂ, ಮೂರು ವಾರ ಕಳೆಯುವಷ್ಟರಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿದ್ದದ್ದನ್ನೂ ನೋಡಿದ ಜಿಲ್ಲೆಯಲ್ಲಿ "ದಾರಿ ಸುರಕ್ಷಿತ" ಎಂದು ಒಂದು ಸಾಲಿನ ವರದಿ ಬರೆದುಕೊಟ್ಟರೆ ಒಪ್ಪಬಾರದು. ಮಳೆಗಾಲದಲ್ಲಿ ನಡೆದು ಅಳೆದ ದೂರ, ಜೊತೆಗೆ ಜಾಗದ ಫೋಟೊ, ದಿನಾಂಕ ಕಡತದಲ್ಲಿರಬೇಕು. ಅಳೆಯುವಾಗ ಶಾಲಾ ಗುಂಪಿನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ, ಪಂಚಾಯ್ತಿ ಸದಸ್ಯ, ಎಸ್‌ಡಿಎಂಸಿಯ ಒಬ್ಬ ತಾಯಿ, ಮೂವರ ಸಹಿ.

"ವಾಹನ ಕೊಡುತ್ತೇವೆ" ಎಂಬ ಭರವಸೆ ಬಂದೇ ಬರುತ್ತದೆ. ಸಮಗ್ರ ಶಿಕ್ಷಾದಲ್ಲಿ ಸಾರಿಗೆ ಭತ್ಯೆ ಇರುವುದು ಮಗುವಿಗೆ ವರ್ಷಕ್ಕೆ 6,000 ರೂಪಾಯಿಯ ತನಕ, ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 600. ಎಂಟು ಮಕ್ಕಳ ಮಜರೆಗೆ ತಿಂಗಳಿಗೆ 4,800. ಈ ದುಡ್ಡಿಗೆ ಮಣ್ಣುರಸ್ತೆಯಲ್ಲಿ ದಿನಕ್ಕೆರಡು ಸಲ ಬರಲು ಯಾವ ಟೆಂಪೊದವನು ಒಪ್ಪುತ್ತಾನೆ, ಲೆಕ್ಕ ಹಾಕಿ ನೋಡಿ. ಮೇಲಾಗಿ ಅದು ಪ್ರತಿ ವರ್ಷ ಹೊಸದಾಗಿ ಮಂಜೂರಾಗಬೇಕು, ಬರುವುದೂ ತಡವಾಗಿ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಭತ್ಯೆ ಇದೆಯೇ ಎಂದಲ್ಲ. ಯಾವ ಮಕ್ಕಳಿಗೆ, ಎಷ್ಟು ತಿಂಗಳಿಗೆ, ಯಾವ ಆದೇಶ ಸಂಖ್ಯೆಯಲ್ಲಿ ಮಂಜೂರಾಗಿದೆ, ಹೋದ ವರ್ಷದ್ದು ಯಾವ ತಾರೀಕಿಗೆ ಪಾಲಕರ ಖಾತೆಗೆ ಬಂತು ಎಂದು ಕೇಳಬೇಕು.

ಮಾಧ್ಯಮವನ್ನು ಮರೆಯಬಾರದು. ಭಟ್ಕಳದ ಉರ್ದು ಶಾಲೆ, ಕಾರವಾರ, ಹಳಿಯಾಳ ಕಡೆಯ ಮರಾಠಿ ಶಾಲೆ ಪಕ್ಕದಲ್ಲಿದ್ದರೆ ಕಿಲೋಮೀಟರ್ ಲೆಕ್ಕದಲ್ಲಿ ಅದು "ಹತ್ತಿರದ ಶಾಲೆ" ಎಂದು ಪಟ್ಟಿಯಲ್ಲಿ ಸೇರಿಕೊಳ್ಳಬಹುದು. ಹತ್ತಿರ ಹೌದು, ಮಕ್ಕಳಿಗೆ ಭಾಷೆ ಬೇರೆ.

ಹುದ್ದೆ ಹೋಗುವುದು, ಮಾಸ್ತರು ಹೋಗುವುದು

ಇವೆರಡು ಒಂದೇ ಅಲ್ಲ. ಮಾಸ್ತರು ವರ್ಗವಾಗಿ ಹೋದರೆ ಹುದ್ದೆ ಖಾಲಿ ಇರುತ್ತದೆ, ಕೇಳುವ ಹಕ್ಕು ಉಳಿಯುತ್ತದೆ. ಹೆಚ್ಚುವರಿ ಎಂದು ಗುರುತಿಸಿ ಹುದ್ದೆಯನ್ನೇ ಬೇರೆ ಶಾಲೆಗೆ ಸ್ಥಳಾಂತರಿಸಿದರೆ ಮಂಜೂರಾತಿ ಪಟ್ಟಿಯಿಂದಲೇ ಅದು ಅಳಿಸಿಹೋಗುತ್ತದೆ. ಮುಂದೆ ಮಕ್ಕಳು ಹೆಚ್ಚಾದರೂ ವಾಪಸು ತರುವುದು ವರ್ಷಗಳ ಕೆಲಸ. ಹಾಗಾಗಿ ಮರುಹೊಂದಾಣಿಕೆಯ ಕರಡು ಪಟ್ಟಿ ಬಂದ ದಿನವೇ ನೋಡಬೇಕು: ಯಾವ ದಿನಾಂಕದ ಎಸ್‌ಎಟಿಎಸ್ ಸಂಖ್ಯೆ ಬಳಸಿದ್ದಾರೆ, ಆ ದಿನಾಂಕದ ನಂತರ ಸೇರಿದ ಮಕ್ಕಳೆಷ್ಟು, ಮಂಜೂರಾದ ಹುದ್ದೆ ಎಷ್ಟು, ನಿಜವಾಗಿ ಕೆಲಸ ಮಾಡುತ್ತಿರುವವರೆಷ್ಟು. ಆಕ್ಷೇಪಣೆಗೆ ಸಿಗುವ ಕಾಲ ಕಡಿಮೆ. ಅಂತಿಮ ಪಟ್ಟಿ ಬಂದ ಮೇಲೆ ಧರಣಿ ಕೂತರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ನಿಯೋಜನೆ ಎಂಬುದು ಇನ್ನೊಂದು ಬಗೆಯ ಕಡಿತ. ಕಾಗದದಲ್ಲಿ ಇಬ್ಬರು ಶಿಕ್ಷಕರು, ಒಬ್ಬರು ವರ್ಷದಿಂದ ಬೇರೆ ಕಚೇರಿಯಲ್ಲಿ. ಸಂಬಳ ಈ ಶಾಲೆಯ ಹೆಸರಲ್ಲೇ ಹೋಗುತ್ತದೆ. ಆದ್ದರಿಂದ ಇಲ್ಲಿ ಹುದ್ದೆ ಖಾಲಿಯಿಲ್ಲ, ಖಾಲಿಯಿಲ್ಲದ ಕಾರಣ ಅತಿಥಿ ಶಿಕ್ಷಕರೂ ಇಲ್ಲ. ಕೆಡಿಪಿ ಸಭೆಗೆ ಬರುವ ಕೋಷ್ಟಕದಲ್ಲಿ "ಮಂಜೂರು, ಭರ್ತಿ, ಖಾಲಿ" ಎಂಬ ಮೂರು ಕಾಲಂ ಇರುತ್ತದೆ. "ನಿಯೋಜನೆ ಮೇಲೆ ಹೊರಗಿರುವವರು" ಎಂಬ ನಾಲ್ಕನೇ ಕಾಲಂ ಸೇರಿಸಿ ಕೊಡಿ ಎಂದು ಕೇಳಿ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳುತ್ತದೆ. ನಡೆಯುವುದು ಎಲ್ಲರಿಗೂ ಗೊತ್ತು.

ಅತಿಥಿ ಶಿಕ್ಷಕರ ವಿಷಯದಲ್ಲಿ ತಿಂಗಳುಗಳನ್ನು ಎಣಿಸಿ. ಶಾಲೆ ಜೂನ್ ಹೊತ್ತಿಗೆ ಶುರು. ಮಂಜೂರಾತಿ ಒಂದೂವರೆ ತಿಂಗಳು ತಡವಾದರೆ ಅಷ್ಟು ದಿನದ ಗೌರವಧನ ಸರ್ಕಾರಕ್ಕೆ ಉಳಿತಾಯ, ಶಾಲೆಗೆ ನಷ್ಟ. ಬಜೆಟ್ ಪುಸ್ತಕದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿರುವುದಿಲ್ಲ.

ಪಂಚಾಯ್ತಿ ದುಡ್ಡಿನಲ್ಲೇ ಒಬ್ಬರನ್ನು ಇಟ್ಟುಕೊಳ್ಳೋಣ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಹಣಕಾಸು ಆಯೋಗದ ಅನುದಾನವನ್ನು ಸಂಬಳಕ್ಕೆ ಬಳಸುವಂತಿಲ್ಲ. ಬಳಸಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬಂದು ಪಿಡಿಒ ಮತ್ತು ಅಧ್ಯಕ್ಷರ ತಲೆಗೆ ವಸೂಲಿ ಕಟ್ಟುತ್ತದೆ. 15ನೇ ಹಣಕಾಸು ಆಯೋಗದ ಹಣದಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದರಿಂದ ಶಾಲೆಯ ಶೌಚಾಲಯ, ನೀರಿನ ಟಾಕಿ, ಮಳೆನೀರು ಕೊಯ್ಲು ಅದರಲ್ಲಿ ಸಲೀಸಾಗಿ ಆಗುತ್ತಿತ್ತು. ಪಾಠಕ್ಕೆ ಅಲ್ಲಿ ದಾರಿ ಇರಲಿಲ್ಲ. ಪಾಲಕರಿಂದ ಎತ್ತೋಣ ಎನ್ನುವವರಿಗೆ ಒಂದು ನೆನಪು: 2022ರ ಅಕ್ಟೋಬರ್‌ನಲ್ಲಿ ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದು ಹೊರಟ ಸುತ್ತೋಲೆಯನ್ನು ವಿರೋಧ ಬಂದ ಕೂಡಲೇ ಸರ್ಕಾರ ಹಿಂಪಡೆಯಿತು. ಸ್ವಇಚ್ಛೆಯ ದೇಣಿಗೆಗೆ ರಸೀದಿ ಕೊಟ್ಟು ಎಸ್‌ಡಿಎಂಸಿ ಖಾತೆಗೆ ತೆಗೆದುಕೊಳ್ಳಬಹುದು. ಕಡ್ಡಾಯ ಎಂಬ ವಾಸನೆ ಬಂದರೂ ಮೊದಲು ಶಾಲೆ ಬಿಡುವುದು ಬಡವರ ಮಕ್ಕಳು, ಆಗ 31ರ ಮೆಟ್ಟಿಲು ಮತ್ತೆ ಜಾರುತ್ತದೆ.

ಶೇಕಡಾ 98 ಪ್ರಗತಿ

ಕೆಡಿಪಿ ಸಭೆಯ ಪುಸ್ತಕದಲ್ಲಿ ಅತಿ ಅಪಾಯಕಾರಿ ಅಂಕಿ ಇದು. ಯಾವುದರ ಶೇಕಡಾ 98? ಹಂಚಿಕೆಯಾದ ಹಣದ್ದೋ, ಬಿಡುಗಡೆಯಾದ ಹಣದ್ದೋ? ಒಂದು ತಲೆಬರಹದಡಿ 10 ಲಕ್ಷ ಹಂಚಿಕೆ, 6 ಲಕ್ಷ ಬಿಡುಗಡೆ, 5.88 ಲಕ್ಷ ಖರ್ಚು ಎಂದಿಟ್ಟುಕೊಳ್ಳಿ. ಬಿಡುಗಡೆಗೆ ಹೋಲಿಸಿದರೆ ಶೇ 98, ಹಂಚಿಕೆಗೆ ಹೋಲಿಸಿದರೆ ಶೇ 59ರ ಒಳಗೆ. ಮುಂದಿನ ವರ್ಷ ಅಂದಾಜು ಮಾಡುವವರು "ಹೋದ ಸಲ ಖರ್ಚಾದದ್ದೇ 5.88" ಎಂದು 6 ಲಕ್ಷ ಬರೆಯುತ್ತಾರೆ. 10 ಇದ್ದದ್ದು 6 ಆಯಿತು. ಹಾಗಾಗಿ ಯಾವ ತಲೆಬರಹವನ್ನೇ ಕೇಳಿದರೂ ಐದು ಕಾಲಂ ಕೇಳಿ: ಮೂಲ ಅಂದಾಜು, ಪರಿಷ್ಕೃತ ಅಂದಾಜು, ಬಿಡುಗಡೆ, ಖರ್ಚು, ಕೊನೆಯ ಕಂತು ಬಿಡುಗಡೆಯಾದ ದಿನಾಂಕ. ಕೊನೆಯ ಕಾಲಂ ಇಲ್ಲದ ಕೋಷ್ಟಕ ಅರ್ಧ ಕೋಷ್ಟಕ.

ಹಣ ಖರ್ಚಾಗದೆ ಉಳಿಯುವುದಕ್ಕೆ ಕಾರಣ ಶಾಲೆಯವರ ಸೋಮಾರಿತನ ಎಂದು ಸಭೆಯಲ್ಲಿ ಗದರುವವರಿದ್ದಾರೆ. ಕಾರಣ ಬೇರೆಯೇ ಇರುತ್ತದೆ. 2021ರಲ್ಲಿ ಬಂದ ಪದ್ಧತಿಯಲ್ಲಿ ಕೇಂದ್ರ ಪುರಸ್ಕೃತ ಯೋಜನೆಗಳ ಹಣ ರಾಜ್ಯಮಟ್ಟದ ಒಂದೇ ನೋಡಲ್ ಖಾತೆಯಲ್ಲಿ ಇರುತ್ತದೆ. ಶಾಲೆಯದ್ದು ಶೂನ್ಯ ಶಿಲ್ಕಿನ ಖಾತೆ, ಅದಕ್ಕೆ ಬರುವುದು ದುಡ್ಡಲ್ಲ, ಖರ್ಚಿನ ಮಿತಿ. ಮಾರ್ಚ್ 31ಕ್ಕೆ ಬಳಸದ ಮಿತಿ ವಾಪಸು. ಪಾವತಿಗೆ ಸರ್ಕಾರದ ಗಣಕ ಪಾವತಿ ವ್ಯವಸ್ಥೆಯಾದ ಪಿಎಫ್‌ಎಂಎಸ್‌ನಲ್ಲಿ ಅಂಗಡಿಯವನ ಹೆಸರು ಮೊದಲೇ ನೋಂದಣಿಯಾಗಿರಬೇಕು, ಬಿಲ್ಲು ಏರಿಸುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು. ಮುಖ್ಯಶಿಕ್ಷಕರು ವರ್ಗವಾಗಿದ್ದರೆ ಸಹಿ ಬದಲಾವಣೆಯಾಗುವ ತನಕ ಎಲ್ಲ ಸ್ಥಗಿತ. ಜೊಯಿಡಾದ ಒಳಭಾಗದಲ್ಲಿ ಓಟಿಪಿಗೆ ಗುಡ್ಡ ಹತ್ತಬೇಕು. ಮಿತಿ ಬಂದದ್ದು ಮಾರ್ಚ್ ಮೂರನೇ ವಾರವಾದರೆ ಎಂಥ ಚುರುಕಿನ ಮಾಸ್ತರಿಗೂ ಆಗದು. ಮಾಡಬಹುದಾದ ಕೆಲಸವೆಂದರೆ ಜನವರಿಯೊಳಗೆ ಎಸ್‌ಡಿಎಂಸಿ ಸಭೆಯಲ್ಲಿ ಖರೀದಿ ಪಟ್ಟಿಗೆ ಒಪ್ಪಿಗೆ, ದರಪಟ್ಟಿ, ಅಂಗಡಿಯ ನೋಂದಣಿ ಮೂರನ್ನೂ ಮುಗಿಸಿಟ್ಟುಕೊಳ್ಳುವುದು. ಮಿತಿ ಬಂದ ದಿನವೇ ಬಿಲ್ಲು ಏರಿಸಲು ಆಗುತ್ತದೆ.

ಬೆಲೆ ಏರಿದರೂ ದರ ಏರದಿರುವುದೂ ಕಡಿತವೇ. ಬಿಸಿಯೂಟದ ಸಾಮಗ್ರಿ ವೆಚ್ಚ 2025ರ ಮೇ 1ರಿಂದ, 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 6.78 ರೂಪಾಯಿ, 6ರಿಂದ 8ಕ್ಕೆ 10.17. ಇದರಲ್ಲೇ ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ, ಮಸಾಲೆ, ಉರುವಲು. ದೊಡ್ಡ ಮಕ್ಕಳಿಗೆ ಇದರ ಒಂದೂವರೆ ಪಟ್ಟು. 18 ಮಕ್ಕಳ ಶಾಲೆಗೆ ದಿನಕ್ಕೆ 122 ರೂಪಾಯಿ. ಗ್ಯಾಸ್ ಒಲೆ 18 ಮಕ್ಕಳಿಗೂ ಉರಿಯಬೇಕು, 60 ಮಕ್ಕಳಿಗೂ ಉರಿಯಬೇಕು. ಸಣ್ಣ ಶಾಲೆಯಲ್ಲಿ ಸಾರು ತೆಳ್ಳಗಾಗುವುದು ಅಡುಗೆಯವರ ತಪ್ಪಿನಿಂದಲ್ಲ. ಆ ಅಡುಗೆಯವರ ಗೌರವಧನಕ್ಕೆ ಕೇಂದ್ರದ ಲೆಕ್ಕ 2009ರಲ್ಲಿ ತಿಂಗಳಿಗೆ 1,000 ಎಂದು ನಿಂತದ್ದು ಅಲ್ಲೇ ನಿಂತಿದೆ. ಈಗ ಕೈಗೆ ಸಿಗುವ ಹೆಚ್ಚಿನ ಪಾಲು ರಾಜ್ಯದ್ದು.

ಮಾಡು, ಜಾಗ, ಅರಣ್ಯ

ಹೆಂಚಿನ ಶಾಲೆಯ ರಿಪೇರಿಗೆ ಏಪ್ರಿಲ್, ಮೇ ಬಿಟ್ಟರೆ ತಿಂಗಳಿಲ್ಲ. ಹೆಂಚು ಕೂರುವ ಮರದ ಪಟ್ಟಿಯಾದ ರೀಪು ಗೆದ್ದಲು ಹಿಡಿದಿದೆಯೇ, ಅದನ್ನು ಹೊರುವ ಪಕಾಸಿನ ತುದಿ ಗೋಡೆಯ ಮೇಲೆ ಕುಂಬಾಗಿ ಕೊಳೆತಿದೆಯೇ, ನೀರು ಇಳಿದ ಗುರುತು ಎಲ್ಲಿದೆ ಎಂದು ನೋಡಬೇಕಾದ್ದು ಅಕ್ಟೋಬರ್‌ನಲ್ಲಿ, ಮಳೆ ಬಿಟ್ಟ ಕೂಡಲೇ, ಗೋಡೆಯ ಕಲೆ ಹಸಿಯಾಗಿರುವಾಗ. ಆಗ ಫೋಟೊ ತೆಗೆದು, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದಿಂದ ಡಿಸೆಂಬರ್‌ನೊಳಗೆ ಅಂದಾಜುಪಟ್ಟಿ ಮಾಡಿಸಿದರೆ ಫೆಬ್ರುವರಿ, ಮಾರ್ಚ್‌ನ ಪಂಚಾಯ್ತಿ ಬಜೆಟ್ಟಿಗೂ ಮೇಲಿನ ಪಟ್ಟಿಗೂ ಸೇರುತ್ತದೆ. ಅಂದಾಜುಪಟ್ಟಿಯಲ್ಲಿ "ಹೆಂಚು ಬದಲಾವಣೆ" ಎಂದಷ್ಟೇ ಬರೆದಿದ್ದರೆ ಒಪ್ಪಬೇಡಿ. ಕೊಳೆತ ರೀಪಿನ ಮೇಲೆ ಹೊಸ ಹೆಂಚು ಹೊದಿಸಿದರೆ ಎರಡನೇ ಮಳೆಗಾಲಕ್ಕೆ ಸಾಲು ಸಾಲಾಗಿ ಜಾರುತ್ತದೆ. ರೀಪಿನ ಉದ್ದ ಮೀಟರ್‌ನಲ್ಲಿ, ಪಕಾಸು ಎಣಿಕೆಯಲ್ಲಿ, ಮರದ ಜಾತಿ ಸಹಿತ ಇರಬೇಕು.

ಹೊಸ ಕೊಠಡಿ ಮಂಜೂರಾಗಿಯೂ ದುಡ್ಡು ವಾಪಸು ಹೋಗುವುದಕ್ಕೆ ಈ ಜಿಲ್ಲೆಯಲ್ಲಿ ದೊಡ್ಡ ಕಾರಣ ಜಾಗ. ಯಾರೋ ಹಿರಿಯರು ಬಾಯಿಮಾತಿನಲ್ಲಿ ಕೊಟ್ಟ ಜಾಗ, ಪಹಣಿಯಲ್ಲಿ ಶಾಲೆಯ ಹೆಸರಿಲ್ಲ. ಇಲ್ಲವೇ ಅರಣ್ಯ. ಅರಣ್ಯ ಎಂದ ಕೂಡಲೇ ಕಡತ ಮುಚ್ಚುವವರಿಗೆ ಅರಣ್ಯ ಹಕ್ಕು ಕಾಯ್ದೆ 2006ರ ಕಲಂ 3(2) ತೋರಿಸಿ. ಶಾಲೆಯಂಥ 13 ಬಗೆಯ ಸಾರ್ವಜನಿಕ ಸೌಲಭ್ಯಕ್ಕೆ, ಒಂದೊಂದಕ್ಕೆ 1 ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ಕೊನೆಯದ್ದು ಪಂಚಾಯ್ತಿಯ ಕೈಯಲ್ಲೇ ಇದೆ. ಆ ಠರಾವು ಮಾಡಿಡಲು ಅನುದಾನ ಬರುವ ತನಕ ಕಾಯಬೇಕಿಲ್ಲ.

ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಯ) ಹಣದಿಂದ ಕಟ್ಟಡ ಆದೀತು, ಆಗಿಯೂ ಇದೆ. ಸಂತೋಷ. ಆದರೆ ಗೋಡೆ ಕಟ್ಟಿಕೊಡುವವರು ಗಣಿತದ ಮಾಸ್ತರನ್ನು ಕೊಡುವುದಿಲ್ಲ. ಹೊಸ ಕಟ್ಟಡದ ಉದ್ಘಾಟನೆಯ ಫೋಟೊ ಹುದ್ದೆ ಸ್ಥಳಾಂತರದ ಪಟ್ಟಿಯನ್ನು ಮುಚ್ಚಿಹಾಕದಂತೆ ನೋಡಿಕೊಳ್ಳಿ.

ಠರಾವು ಬರೆಯುವ ಬಗೆ

"ಶಾಲೆ ಮುಚ್ಚಬಾರದೆಂದು ಸಭೆ ಒಕ್ಕೊರಲಿನಿಂದ ಆಗ್ರಹಿಸಿತು" ಎಂಬ ಠರಾವು ಕಡತದಲ್ಲಿ ಮಲಗಲು ಹುಟ್ಟಿದ್ದು. ಯಾರಿಗೂ ಉತ್ತರ ಕೊಡುವ ಹೊಣೆ ಅದರಲ್ಲಿಲ್ಲ. ಬರೆಯಬೇಕಾದ್ದು ಹೀಗೆ:

"ವಿಷಯ: ಯೂಡೈಸ್ ಸಂಖ್ಯೆ (11 ಅಂಕಿ) ಇರುವ ಶಾಲೆಯ ವಿಲೀನ ಪ್ರಸ್ತಾವ. ಇಂದಿನ ಎಸ್‌ಎಟಿಎಸ್ ದಾಖಲಾತಿ 28. ಪ್ರಸ್ತಾಪಿತ ಶಾಲೆಗೆ ಜುಲೈನಲ್ಲಿ ನಡೆದು ಅಳೆದ ದೂರ 2.6 ಕಿಲೋಮೀಟರ್, ನಡುವೆ ಒಂದು ಹಳ್ಳ, ಸೇತುವೆ ಇಲ್ಲ. ಅಳತೆ ವರದಿ ಅನುಬಂಧ 1. ಮಂಜೂರಾದ ಹುದ್ದೆ 2, ಕರ್ತವ್ಯದಲ್ಲಿರುವವರು 1, ನಿಯೋಜನೆ 1. ವಿಲೀನದಿಂದ ಉಳಿಯುವ ಮೊತ್ತ, ಸಾರಿಗೆಗೆ ತಗಲುವ ಮೊತ್ತ, ಹುದ್ದೆಗಳು ಎಲ್ಲಿಗೆ ಹೋಗುತ್ತವೆ ಎಂಬ ವಿವರವನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳು 30 ದಿನಗಳೊಳಗೆ ಲಿಖಿತವಾಗಿ ನೀಡುವ ತನಕ ಪ್ರಸ್ತಾವಕ್ಕೆ ಸಭೆಯ ಸಹಮತವಿಲ್ಲ. ಪ್ರತಿ: ಉಪನಿರ್ದೇಶಕರು, ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು."

ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಮೊದಲೇ ಇರಬೇಕು. "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯ" ಎಂಬಲ್ಲಿ ಸೇರಿಸಿದರೆ ಆಮೇಲೆ ಕೋರಂ ಇರಲಿಲ್ಲ, ಚರ್ಚೆ ಆಗಲಿಲ್ಲ ಎಂದು ತಳ್ಳುವುದು ಸುಲಭ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂಬ ನಿಯಮವಿದೆ. ಸಮಿತಿ ಸರಿಯಾಗಿ ರಚನೆಯಾಗಿಲ್ಲದಿದ್ದರೆ ಅದರ ಠರಾವನ್ನು ಮೊದಲ ಏಟಿಗೇ ಕೆಡವುತ್ತಾರೆ. ಅದನ್ನು ಮೊದಲು ನೋಡಿಕೊಳ್ಳಿ.

30 ದಿನ ಕಳೆದರೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ "ಶಾಲೆಯ ಎಲ್ಲ ಮಾಹಿತಿ ಕೊಡಿ" ಎಂದು ಬರೆದರೆ ತಿರಸ್ಕಾರಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. "ಇಂಥ ದಿನಾಂಕದ ಮರುಹೊಂದಾಣಿಕೆ ಪಟ್ಟಿಯ ಪ್ರತಿ, ಅದಕ್ಕೆ ಆಧಾರವಾದ ದಾಖಲಾತಿ ಕೋಷ್ಟಕದ ಪ್ರತಿ" ಎಂದು ಕಾಗದದ ಹೆಸರು ಹಿಡಿದೇ ಕೇಳಿ. "ಏಕೆ" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಆ ಕಾಯ್ದೆ ಕೊಡಿಸುವುದು ಇರುವ ದಾಖಲೆಯನ್ನು ಮಾತ್ರ. ಅದಕ್ಕೂ 30 ದಿನ, ಆಮೇಲೆ ಮೇಲ್ಮನವಿಗೆ 30 ದಿನ. ಮರುಹೊಂದಾಣಿಕೆ ಅಷ್ಟರಲ್ಲಿ ಮುಗಿದಿರಬಹುದು. ಆದ್ದರಿಂದ ಕರಡು ಪಟ್ಟಿಯ ಸುಳಿವು ಸಿಕ್ಕ ವಾರವೇ ಅರ್ಜಿ ಹಾಕಿಡಿ, ಠರಾವಿನ ಉತ್ತರಕ್ಕೆ ಕಾಯದೆ.

ಕೊಟ್ಟ ಪ್ರತಿ ಕಾಗದಕ್ಕೂ ಕಚೇರಿಯ ಮೊಹರು, ತಾರೀಕು, ಟಪಾಲು ಸಂಖ್ಯೆ ಇರುವ ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ಪಂಚಾಯ್ತಿಯಲ್ಲಿ, ಒಂದು ಮುಖ್ಯಶಿಕ್ಷಕರ ಕಪಾಟಿನಲ್ಲಿ, ಒಂದು ಎಸ್‌ಡಿಎಂಸಿ ಅಧ್ಯಕ್ಷರ ಮನೆಯಲ್ಲಿ. ಪಿಡಿಒ ಬದಲಾಗುತ್ತಾರೆ, ಬಿಇಒ ಬದಲಾಗುತ್ತಾರೆ, ಕಪಾಟಿಗೆ ಗೆದ್ದಲು ಬರುತ್ತದೆ. ಮೂರರಲ್ಲಿ ಒಂದಾದರೂ ಮುಂದಿನ ಜೂನಿಗೆ ಉಳಿದಿರುತ್ತದೆ.